ಕಿಲ್ಲಿಫಿಶ್ ಸಾಕುವುದು ಅಂದ್ರೆ ಮೊಟ್ಟೆಯ ಲೆಕ್ಕ ಇಡುವುದು

ಅಂಚೆಯಲ್ಲಿ ಒಂದು ಕವರ್ ಬರುತ್ತದೆ. ಅದರೊಳಗೆ ಪುಟ್ಟ ಜಿಪ್‌ಲಾಕ್ ಕವರ್, ಅದರಲ್ಲಿ ಒಂದು ಹಿಡಿ ಒದ್ದೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಮೇಲೆ ಮಾರ್ಕರ್ ಪೆನ್ನಿನಲ್ಲಿ ಮೀನಿನ ಹೆಸರು, ಒಂದು ಊರಿನ ಹೆಸರು, ಒಂದು ದಿನಾಂಕ. ನೀರೂ ಇಲ್ಲ, ಮೀನೂ ಇಲ್ಲ. ಆ ಪುಡಿಯನ್ನು ಸರಿಯಾದ ದಿನ ತಣ್ಣೀರಿಗೆ ಹಾಕಿದರೆ ಕೆಲವೇ ಗಂಟೆಗಳಲ್ಲಿ ಕೂದಲೆಳೆಯಷ್ಟು ಸಣ್ಣ ಮರಿಗಳು ಓಡಾಡತೊಡಗುತ್ತವೆ. ದಿನ ತಪ್ಪಿದರೆ ಏನೂ ಹೊರಬರುವುದಿಲ್ಲ, ಇಲ್ಲವೇ ಹುಟ್ಟಿದ ಮರಿಗಳು ಮೇಲೇಳಲಾಗದೆ ತಳದಲ್ಲೇ ತೆವಳಿ ಸಾಯುತ್ತವೆ. ಗಪ್ಪಿ, ಗೋಲ್ಡ್‌ಫಿಶ್ ಸಾಕಿ ಅಭ್ಯಾಸ ಇರುವವರಿಗೆ ಇದು ಕಟ್ಟುಕತೆ ಅನ್ನಿಸಬಹುದು. ಕಿಲ್ಲಿಫಿಶ್ ಸಾಕುವವರು ಮಾತ್ರ ಬಹಳ ವರ್ಷಗಳಿಂದ ಹೀಗೇ ದೇಶ ದೇಶಗಳ ನಡುವೆ ಮೀನು ಹಂಚಿಕೊಳ್ಳುತ್ತಾ ಬಂದಿದ್ದಾರೆ.

ಹೊಸಬರು ಬಹಳಷ್ಟು ಜನ ಟ್ಯಾಂಕ್ ಎಷ್ಟು ದೊಡ್ಡದಿರಬೇಕು, ಯಾವ ಫಿಲ್ಟರ್ ಹಾಕಬೇಕು ಅಂತಲೇ ಕೇಳುತ್ತಾರೆ. ಅದೆಲ್ಲಾ ಈ ಮೀನುಗಳಿಗೆ ಸುಲಭದ ಭಾಗ. ಕಷ್ಟ ಇರುವುದು ಮೊಟ್ಟೆಯಲ್ಲಿ. ಮೊಟ್ಟೆ ಎಲ್ಲಿ ಬೀಳುತ್ತದೆ, ಎಷ್ಟು ಕಾಲ ಸುಮ್ನೆ ಇರುತ್ತದೆ, ಯಾವಾಗ ಅದನ್ನು ಎಬ್ಬಿಸಬೇಕು ಅನ್ನುವುದು ಅರ್ಥವಾದರೆ ಉಳಿದದ್ದೆಲ್ಲಾ ತಾನಾಗಿಯೇ ಕೂಡಿಬರುತ್ತದೆ. ಹಾಗಾಗಿ ಈ ಬರಹದಲ್ಲಿ ಟ್ಯಾಂಕಿಗಿಂತ ಮೊಟ್ಟೆಯ ಮಾತೇ ಜಾಸ್ತಿ.

ಮೊದಲು ಪರಿಚಯ. ಕಿಲ್ಲಿಫಿಶ್ ಅಂದರೆ ಒಂದೇ ಜಾತಿಯ ಮೀನಲ್ಲ. ಗಪ್ಪಿ, ಮೋಲಿಗಳ ದೂರದ ನೆಂಟರು ಇವು, ಆದರೆ ಮರಿ ಹಾಕುವುದಿಲ್ಲ, ಮೊಟ್ಟೆ ಇಡುತ್ತವೆ. ಆಫ್ರಿಕಾ, ದಕ್ಷಿಣ ಮತ್ತು ಉತ್ತರ ಅಮೆರಿಕ, ದಕ್ಷಿಣ ಏಷ್ಯಾ, ಯುರೋಪಿನ ಕೆಲವು ಭಾಗ, ಎಲ್ಲಾ ಸೇರಿ ಸಾವಿರಕ್ಕೂ ಮೀರಿದ ಜಾತಿಗಳಿವೆ. ಹೆಚ್ಚಿನವು ಬೆರಳುದ್ದ, ಅದಕ್ಕಿಂತ ಚಿಕ್ಕವೂ ಇವೆ. ದೊಡ್ಡ ನದಿಯ ನಡುವೆ ಇವು ಸಿಗುವುದು ಅಪರೂಪ. ಕಾಡಿನ ಸಣ್ಣ ತೊರೆ, ಗದ್ದೆಯ ಬದುವಿನ ನೀರು, ಜೌಗು, ಮಳೆಗಾಲದಲ್ಲಿ ಮಾತ್ರ ತುಂಬುವ ಹೊಂಡ, ಸಮುದ್ರದಂಚಿನ ಉಪ್ಪು ಕೆಸರು ಇವೆಲ್ಲಾ ಇವುಗಳ ಮನೆ. ಬೇರೆ ಮೀನು ಬದುಕಲಾರದ ಜಾಗ ಹುಡುಕಿಕೊಂಡು ಅಲ್ಲಿ ಬದುಕುವುದೇ ಇವುಗಳ ದಾರಿ. ಅಮೆರಿಕದ ಪೂರ್ವ ಕರಾವಳಿಯ ಮಮ್ಮಿಚೋಗ್ ಅನ್ನುವ ಕಿಲ್ಲಿ ಎಷ್ಟು ಗಟ್ಟಿ ಜೀವ ಅಂದರೆ, 1973ರಲ್ಲಿ ಸ್ಕೈಲ್ಯಾಬ್ ಅನ್ನುವ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಲು ಅದನ್ನೇ ಆರಿಸಿದರು. ಬಾಹ್ಯಾಕಾಶಕ್ಕೆ ಹೋದ ಮೊದಲ ಮೀನು ಅದು.

ಸಾಕುವವರ ಲೆಕ್ಕದಲ್ಲಿ ಇಷ್ಟೊಂದು ಜಾತಿಗಳನ್ನು ಎರಡು ದೊಡ್ಡ ಗುಂಪು ಮಾಡಬಹುದು. ವರ್ಷವಿಡೀ ನೀರಿರುವ ಜಾಗದವು ಗಿಡದ ಎಲೆ, ಬೇರು, ಪಾಚಿಗೆ ಮೊಟ್ಟೆ ಅಂಟಿಸುತ್ತವೆ. ಆ ಮೊಟ್ಟೆ ನೀರಿನಲ್ಲೇ ಎರಡು ಮೂರು ವಾರದಲ್ಲಿ ಒಡೆಯುತ್ತದೆ. ಒಣಗಿ ಹೋಗುವ ಹೊಂಡದವು ಮಣ್ಣಿನೊಳಗೆ ಮೊಟ್ಟೆ ಹೂಳುತ್ತವೆ. ಹೊಂಡ ಬತ್ತುತ್ತದೆ, ದೊಡ್ಡ ಮೀನೆಲ್ಲಾ ಸಾಯುತ್ತವೆ, ಮೊಟ್ಟೆ ಮಾತ್ರ ಮಣ್ಣಿನೊಳಗೆ ಮುಂದಿನ ಮಳೆಗೆ ಕಾಯುತ್ತದೆ. ಇವನ್ನು ವಾರ್ಷಿಕ ಕಿಲ್ಲಿಗಳು ಅನ್ನುತ್ತಾರೆ. ಎರಡರ ನಡುವೆ ನಿಲ್ಲುವ ಜಾತಿಗಳೂ ಇವೆ. ಅವುಗಳ ಮೊಟ್ಟೆಯನ್ನು ನೀರಿನಲ್ಲೂ ಇಡಬಹುದು, ಕೆಲವು ವಾರ ಒದ್ದೆ ಪೀಟ್‌ನಲ್ಲೂ (ಕೊಕೊಪೀಟ್‌ನಂಥ ಪುಡಿ) ಇಡಬಹುದು.

ನಮ್ಮ ಹಳ್ಳದ ಕಿಲ್ಲಿ

ಆಫ್ರಿಕಾಕ್ಕೆ ಹೋಗುವ ಮೊದಲು ನಮ್ಮ ಊರಿನದನ್ನೇ ನೋಡೋಣ. ಪಶ್ಚಿಮ ಘಟ್ಟದ ಕಡೆಯವರಾದರೆ ನೀವು ಕಿಲ್ಲಿಫಿಶ್ ನೋಡಿಯೇ ಇರುತ್ತೀರಿ. ಮಲೆನಾಡು, ಕರಾವಳಿಯ ಹಳ್ಳ, ಬಾವಿ, ಕೆರೆ, ಗದ್ದೆ ಕಾಲುವೆಗಳಲ್ಲಿ ನೀರಿನ ಮೇಲ್ಮೈಗೆ ಬೆನ್ನು ತಾಗಿಸಿಕೊಂಡು ಅಲ್ಲಾಡದೆ ನಿಂತಿರುವ ತೆಳ್ಳಗಿನ ಮೀನು, ನೆತ್ತಿಯ ಮೇಲೆ ಬೆಳ್ಳಿ ಬಣ್ಣದ ಒಂದು ಚುಕ್ಕೆ ಫಳಫಳ ಹೊಳೆಯುತ್ತಿರುತ್ತದೆ. ಬಾವಿಗೆ ಇಣುಕಿದರೆ ಮೀನು ಕಾಣುವ ಮೊದಲು ಆ ಚುಕ್ಕೆಯೇ ಕಾಣುವುದು. ಅದೇ ಅಪ್ಲೊಕೈಲಸ್ ಲಿನಿಯೇಟಸ್. ಅಂಗಡಿಯಲ್ಲಿ ‘ಗೋಲ್ಡನ್ ವಂಡರ್’ ಅಂತ ಮಾರುವ ಹಳದಿ ಮೀನು ಇದರದೇ ಒಂದು ಸಾಕು ತಳಿ. ಹಳ್ಳದ ಅಸಲಿ ಮೀನು ನನ್ನ ಕಣ್ಣಿಗೆ ಅದಕ್ಕಿಂತ ಎಷ್ಟೋ ಚೆಂದ. ಗಂಡಿನ ಮೈಯುದ್ದಕ್ಕೂ ಒಂದೊಂದು ಹುರುಪೆಯಲ್ಲೂ ಹೊಂಬಣ್ಣದ ಚುಕ್ಕೆ, ಸಾಲು ಸಾಲಾಗಿ. ಹೆಣ್ಣಿನ ಮೈಯ ಹಿಂಭಾಗದಲ್ಲಿ ಕಪ್ಪು ಅಡ್ಡಪಟ್ಟಿ, ಬೆನ್ನಿನ ರೆಕ್ಕೆಯ ಬುಡದಲ್ಲಿ ಒಂದು ಕಪ್ಪು ಮಚ್ಚೆ.

ಇದು ಹತ್ತು ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಬಾಯಿ ಮೇಲ್ಮುಖ, ಮೇಲಿಂದ ಬಿದ್ದ ಹುಳು, ಸೊಳ್ಳೆಯ ಲಾರ್ವಾ, ಸಣ್ಣ ಮೀನು ಎಲ್ಲವನ್ನೂ ಗಬಕ್ಕನೆ ನುಂಗುತ್ತದೆ. ಹಾಗಾಗಿ ನಿಯಾನ್ ಟೆಟ್ರಾ ಇರುವ ಟ್ಯಾಂಕಿಗೆ ಇದನ್ನು ಬಿಡಬೇಡಿ. ಸೊಳ್ಳೆ ತಿನ್ನುವ ಈ ಗುಣ ನೋಡಿಯೇ ಗೋವಾದಲ್ಲಿ ಇದರ ಚಿಕ್ಕ ತಮ್ಮನಂತಿರುವ ಅಪ್ಲೊಕೈಲಸ್ ಬ್ಲಾಕಿಯನ್ನು ಮಲೇರಿಯಾ ಸೊಳ್ಳೆ ತಡೆಯಲು ನೀರಿನ ತೊಟ್ಟಿಗಳಿಗೆ ಬಿಟ್ಟು ಪ್ರಯೋಗ ಮಾಡಿದ್ದರು.

ಹೊಸಬರಿಗೆ ನಾನು ಮೊದಲು ಹೇಳುವುದು ಇದೇ ಮೀನನ್ನು. ಅದರ ಜೊತೆಗೆ ನೈಜೀರಿಯಾ, ಕ್ಯಾಮರೂನ್‌ನ ಫಂಡುಲೊಪ್ಯಾಂಕಾಕ್ಸ್ ಗಾರ್ಡ್ನೆರಿಯನ್ನೂ ಹೇಳುತ್ತೇನೆ. ನೀಲಿ ಹಸಿರು ಮೈ, ಅದರ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಚುಕ್ಕೆ, ಆರು ಸೆಂಟಿಮೀಟರ್ ಉದ್ದ, ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಬದುಕುತ್ತದೆ. ಎರಡೂ ಮೊಟ್ಟೆ ಇಡುವುದರಲ್ಲಿ ಜಿಪುಣ ಅಲ್ಲ, ನೀರಿನ ಬಗ್ಗೆ ಜಾಸ್ತಿ ತಕರಾರೂ ಮಾಡುವುದಿಲ್ಲ.

ಟ್ಯಾಂಕಿನ ವಿಷಯ ಬೇಗ ಮುಗಿಸುತ್ತೇನೆ. ಒಂದು ಗಂಡು, ಎರಡು ಹೆಣ್ಣಿಗೆ 20ರಿಂದ 40 ಲೀಟರ್ ಸಾಕು (ಲಿನಿಯೇಟಸ್‌ಗೆ ಇನ್ನೂ ದೊಡ್ಡದಿದ್ದರೆ ಒಳ್ಳೆಯದು). ಏರ್ ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್, ನಿಧಾನವಾಗಿ ಗುಳ್ಳೆ ಬರುವ ಹಾಗೆ. ಜೋರು ಹರಿವು ಇವಕ್ಕೆ ಆಗುವುದಿಲ್ಲ. ಜಾವಾ ಮಾಸ್, ತೇಲುವ ಗಿಡ, ಒಣಗಿದ ಕಾಡುಬಾದಾಮಿ ಎಲೆ ಒಂದೆರಡು. ಬೆಳಕು ಮಂದ ಇರಲಿ. 22ರಿಂದ 25 ಡಿಗ್ರಿ ಒಳ್ಳೆಯ ಉಷ್ಣಾಂಶ, ಬೆಂಗಳೂರು, ಮೈಸೂರಿನಲ್ಲಿ ವರ್ಷದ ಹೆಚ್ಚು ಕಾಲ ಹೀಟರ್, ಕೂಲರ್ ಏನೂ ಬೇಡ. ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳು ಕಷ್ಟ. ಆಗ ನೀರಿನ ಮೇಲ್ಮೈಗೆ ಗಾಳಿ ಬೀಸುವ ಹಾಗೆ ಸಣ್ಣ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಲ್ಲಿ ನೀರಾದರೆ ಆಂಟಿ ಕ್ಲೋರಿನ್ ಹಾಕಿಯೇ ಬಳಸಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಗಾರ್ಡ್ನೆರಿ ಸಹಿಸಿಕೊಳ್ಳುತ್ತದೆ, ಆದರೆ ಗ್ಯಾಬೊನ್, ಕ್ಯಾಮರೂನ್ ಕಾಡಿನ ಅಫಿಯೊಸೆಮಿಯಾನ್ ಅನ್ನುವ ಕಿಲ್ಲಿಗಳಿಗೆ ಮೆದು ನೀರೇ ಬೇಕು, ಮಳೆ ನೀರೋ ಆರ್‌ಒ ನೀರೋ ಬೆರೆಸಬೇಕಾಗುತ್ತದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಮುಚ್ಚಳ. ಕಿಲ್ಲಿಗಳು ಹಾರುತ್ತವೆ. ಒಂದು ಹೊಂಡದಿಂದ ಇನ್ನೊಂದಕ್ಕೆ ಹಾರಿ ಬದುಕಿದ ವಂಶ ಇದು. ಏರ್ ಟ್ಯೂಬ್ ಹೋಗುವಷ್ಟು ಸಂದು ಬಿಟ್ಟರೂ ಅದರಲ್ಲೇ ತೂರಿ ಆಚೆ ಬೀಳುತ್ತವೆ. ಗಾಜಿನ ಮುಚ್ಚಳ ಹಾಕಿ, ಮೂಲೆಯ ಸಂದಿಗೆ ಸ್ಪಂಜ್ ತುರುಕಿ.

ಉಲ್ಲನ್ ದಾರದ ಮಾಪ್

ಗಿಡಕ್ಕೆ ಮೊಟ್ಟೆ ಇಡುವ ಜಾತಿಗಳಿಗೆ ಸಾಕುವವರು ಒಂದು ಸರಳ ಉಪಾಯ ಮಾಡಿಕೊಂಡಿದ್ದಾರೆ. ಕಡು ಹಸಿರು ಅಥವಾ ಕಂದು ಬಣ್ಣದ ಅಕ್ರಿಲಿಕ್ ಉಲ್ಲನ್ ದಾರ ತಗೊಂಡು ಒಂದು ಪುಸ್ತಕಕ್ಕೆ ಮೂವತ್ತು ನಲವತ್ತು ಸುತ್ತು ಸುತ್ತಿ, ಒಂದು ಕಡೆ ಗಂಟು ಹಾಕಿ, ಇನ್ನೊಂದು ಕಡೆ ಕತ್ತರಿಸಿದರೆ ಒಂದು ಕುಚ್ಚು ಸಿಗುತ್ತದೆ. ಅದನ್ನು ಬಿಸಿನೀರಿನಲ್ಲಿ ಕುದಿಸಿ ಬಣ್ಣ ಬಿಡುತ್ತದೋ ಇಲ್ಲವೋ ನೋಡಿ. ಬಿಟ್ಟರೆ ಆ ದಾರ ಬೇಡ. ಬಿಡದಿದ್ದರೆ ಗಂಟಿನ ಕಡೆ ಒಂದು ತುಂಡು ಥರ್ಮೋಕೋಲ್ ಕಟ್ಟಿ ನೀರಿಗೆ ಇಳಿಬಿಡಿ. ಇದೇ ಮಾಪ್. ಹತ್ತಿಯ ದಾರ ಬೇಡ, ಅದು ನೀರಿನಲ್ಲಿ ಕೊಳೆಯುತ್ತದೆ.

ಗಂಡು ಹೆಣ್ಣನ್ನು ಒಂದು ವಾರ ಬೇರೆ ಬೇರೆ ಇಟ್ಟು ಸೊಳ್ಳೆ ಲಾರ್ವಾ, ಡಾಫ್ನಿಯಾ (ನೀರಿನ ಚಿಗಟ) ಚೆನ್ನಾಗಿ ತಿನ್ನಿಸಿ ಆಮೇಲೆ ಜೊತೆಗೆ ಬಿಟ್ಟರೆ ಮರುದಿನವೇ ಮಾಪ್‌ನಲ್ಲಿ ಮೊಟ್ಟೆ ಕಾಣಬಹುದು. ಬೇರೆ ಮೀನುಗಳ ಹಾಗೆ ಒಂದೇ ಸಲ ನೂರಾರು ಮೊಟ್ಟೆ ಇಡುವುದಿಲ್ಲ. ದಿನಕ್ಕೆ ಐದೋ ಹತ್ತೋ, ಒಂದೊಂದಾಗಿ, ವಾರಗಟ್ಟಲೆ. ಮಾಪ್ ಎತ್ತಿ ಮೆಲ್ಲಗೆ ಹಿಂಡಿ ದಾರ ಬಿಡಿಸುತ್ತಾ ಹೋದರೆ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ದಪ್ಪದ, ಗಾಜಿನಂಥ ಮಣಿಗಳು ಬೆರಳಿಗೆ ಸಿಗುತ್ತವೆ. ಕೈಯಲ್ಲಿ ಹಿಡಿದರೆ ಒಡೆದೀತು ಅಂತ ಹೆದರಬೇಡಿ. ಕಿಲ್ಲಿಯ ಮೊಟ್ಟೆಯ ಸಿಪ್ಪೆ ಬಲು ಗಟ್ಟಿ, ಬೆರಳಿನ ನಡುವೆ ಮೆಲ್ಲಗೆ ಉರುಳಿಸಿದರೂ ಏನೂ ಆಗುವುದಿಲ್ಲ. ಹಾಗೆ ಉರುಳಿಸಿದಾಗ ಮೆತ್ತಗಾಗಿ ಒಡೆದರೆ ಅದು ಮೊದಲೇ ಕೆಟ್ಟ ಮೊಟ್ಟೆ.

ಮೊಟ್ಟೆಗಳನ್ನು ಅದೇ ಟ್ಯಾಂಕಿನ ನೀರು ತುಂಬಿದ ಚಿಕ್ಕ ಡಬ್ಬಿಗೆ ಹಾಕಿ ಬೂಷ್ಟು ತಡೆಯುವ ಮೆಥಿಲೀನ್ ಬ್ಲೂ ಒಂದು ಹನಿ ಬಿಡಿ, ನೀರು ತಿಳಿ ನೀಲಿ ಆದರೆ ಸಾಕು. ಬೆಳಕಿಲ್ಲದ ಮೂಲೆಯಲ್ಲಿಟ್ಟು ದಿನಾ ನೋಡಿ. ಬೆಳ್ಳಗಾದ ಮೊಟ್ಟೆಗೆ ಬೂಷ್ಟು ಹಿಡಿದು ಪಕ್ಕದ್ದಕ್ಕೂ ಹರಡುತ್ತದೆ, ಕಂಡ ತಕ್ಷಣ ತೆಗೆಯಿರಿ. ಒಂದು ವಾರದ ಹೊತ್ತಿಗೆ ಒಳಗೆ ಎರಡು ಕಪ್ಪು ಕಣ್ಣು ಮೂಡುತ್ತವೆ. ಲಿನಿಯೇಟಸ್ ಸುಮಾರು ಎರಡು ವಾರಕ್ಕೆ, ಗಾರ್ಡ್ನೆರಿ ಎರಡರಿಂದ ಮೂರು ವಾರಕ್ಕೆ ಒಡೆಯುತ್ತದೆ. ಇಷ್ಟರಲ್ಲಿ ನಿಮ್ಮ ಕೈಗೆ ಮೊಟ್ಟೆಯ ಅಭ್ಯಾಸ ಆಗಿರುತ್ತದೆ. ಯಾವುದು ಚೆನ್ನಾಗಿದೆ, ಯಾವುದು ಕೆಟ್ಟಿದೆ, ಕಣ್ಣು ಬಂದ ಮೊಟ್ಟೆ ಹೇಗಿರುತ್ತದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಈ ಅಭ್ಯಾಸ ಇಲ್ಲದೆ ನೇರವಾಗಿ ವಾರ್ಷಿಕ ಕಿಲ್ಲಿಗಳಿಗೆ ಕೈ ಹಾಕಿದವರು ಬಹುಪಾಲು ಮೊದಲ ಕವರ್‌ನಲ್ಲೇ ಬೇಸತ್ತು ಬಿಟ್ಟುಬಿಡುತ್ತಾರೆ.

ಒಣ ಹೊಂಡದ ಮೊಟ್ಟೆ

ಪೂರ್ವ ಆಫ್ರಿಕಾದ ಬಯಲಿನಲ್ಲಿ ಮಳೆ ಬಂದಾಗ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಅದಕ್ಕೆ ಹೊಳೆಯ ಸಂಪರ್ಕ ಇರಲೇಬೇಕೆಂದಿಲ್ಲ. ಕೆಲವು ವಾರ ಕಳೆದು ನೋಡಿದರೆ ಆ ಕೆಸರು ನೀರಿನಲ್ಲಿ ಕೆಂಪು, ನೀಲಿ ಬಣ್ಣದ ಐದು ಸೆಂಟಿಮೀಟರ್ ಮೀನುಗಳು! ಇವು ನೊಥೊಬ್ರಾಂಕಿಯಸ್ ಕುಲದವು. ಹೊಂಡ ಒಣಗುವಷ್ಟರಲ್ಲಿ ಹುಟ್ಟಿ, ಬೆಳೆದು, ಮೊಟ್ಟೆ ಇಟ್ಟು ಮುಗಿಸಬೇಕು, ಹಾಗಾಗಿ ಇವುಗಳ ಇಡೀ ಬದುಕೇ ಅವಸರದ್ದು. ನೊಥೊಬ್ರಾಂಕಿಯಸ್ ಫುರ್ಜೆರಿ ಅನ್ನುವ ಜಾತಿ ಮೊಜಾಂಬಿಕ್‌ನ ಹೊಂಡಗಳಲ್ಲಿ ಹುಟ್ಟಿದ ಎರಡೇ ವಾರಕ್ಕೆ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ ಅಂತ 2018ರಲ್ಲಿ ವಿಜ್ಞಾನಿಗಳು ತೋರಿಸಿದರು. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ ಇಷ್ಟು ಬೇಗ ಪ್ರಾಯಕ್ಕೆ ಬರುವುದು ಬೇರೆ ಯಾವುದೂ ಗೊತ್ತಿಲ್ಲ.

ಈ ಫುರ್ಜೆರಿ ಮೊದಲು ಸಿಕ್ಕಿದ್ದು 1968ರಲ್ಲಿ, ಈಗಿನ ಜಿಂಬಾಬ್ವೆಯ ಗೊನಾರೆಝೌ ಅನ್ನುವ ಕಡೆ. ಆಗ ಹಿಡಿದ ಮೀನುಗಳ ಸಂತತಿಯನ್ನು ಹವ್ಯಾಸಿಗಳು ಮನೆಯ ಟ್ಯಾಂಕುಗಳಲ್ಲಿ ತಲೆಮಾರುಗಟ್ಟಲೆ ಉಳಿಸಿಕೊಂಡು ಬಂದರು. ಆ ತಳಿ ಕೆಲವೇ ತಿಂಗಳಲ್ಲಿ ಮುದಿಯಾಗುತ್ತದೆ, ಬಣ್ಣ ಮಾಸುತ್ತದೆ, ಬೆನ್ನು ಬಾಗುತ್ತದೆ. ಇದನ್ನು ಗಮನಿಸಿದ ವಿಜ್ಞಾನಿಗಳು ಮುಪ್ಪಿನ ಬಗ್ಗೆ ತಿಳಿಯಲು ಇದನ್ನೇ ಬಳಸತೊಡಗಿದರು. ಇಲಿಯ ಮುಪ್ಪು ನೋಡಲು ಎರಡು ಮೂರು ವರ್ಷ ಕಾಯಬೇಕು, ಇದರಲ್ಲಿ ಕೆಲವು ತಿಂಗಳು ಸಾಕು ಅಲ್ವಾ? ಜರ್ಮನಿಯ ಕಲೋನ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಎಳೆ ಮೀನಿನ ಕರುಳಿನ ಬ್ಯಾಕ್ಟೀರಿಯಾವನ್ನು ನಡುವಯಸ್ಸಿನ ಮೀನಿಗೆ ಸೇರಿಸಿದಾಗ ಅದು ಜಾಸ್ತಿ ದಿನ ಬದುಕಿತು. ಹವ್ಯಾಸಿಗಳು ಕಾಪಾಡಿದ ಒಂದು ಸಣ್ಣ ಮೀನು ಪ್ರಯೋಗಾಲಯಗಳಿಗೆ ದಾರಿ ತೋರಿಸಿತು ಅನ್ನುವುದು ನನಗೆ ಹೆಮ್ಮೆಯ ವಿಷಯ.

ಇನ್ನು ಮೊಟ್ಟೆ. ಸಾಮಾನ್ಯ ಮೀನಿನ ಮೊಟ್ಟೆ ಒಮ್ಮೆ ಬೆಳೆಯಲು ಶುರುವಾದರೆ ನಿಲ್ಲುವುದಿಲ್ಲ. ವಾರ್ಷಿಕ ಕಿಲ್ಲಿಯ ಮೊಟ್ಟೆ ಮೂರು ಕಡೆ ನಿಲ್ಲಬಲ್ಲದು. ಮೊದಲ ನಿಲುಗಡೆ ತೀರಾ ಆರಂಭದಲ್ಲೇ. ಬೇರೆ ಮೀನುಗಳಲ್ಲಿ ಕೋಶಗಳು ಒಟ್ಟಾಗಿ ಮರಿಯ ಆಕಾರ ತಾಳುವ ಹೊತ್ತಿಗೆ ಇದರಲ್ಲಿ ಅವು ಚದುರಿ, ಮೊಟ್ಟೆಯ ಹಳದಿ ಭಾಗದ ಮೇಲೆ ಒಂದೊಂದೂ ಒಂದೊಂದು ಕಡೆ ಬಿಡಿಬಿಡಿಯಾಗಿ ಹರಡಿಕೊಂಡು ಇದ್ದುಬಿಡುತ್ತವೆ, ಪರಿಸ್ಥಿತಿ ಸರಿಯಾದ ಮೇಲೆ ಮತ್ತೆ ಒಂದುಗೂಡಿ ಮರಿ ಕಟ್ಟುತ್ತವೆ. ಎರಡನೆಯದು ಬೆನ್ನು, ತಲೆ, ಹೃದಯದ ಆಕಾರ ಬಂದ ಮೇಲೆ. ಅಲ್ಲಿ ತಿಂಗಳುಗಟ್ಟಲೆ ನಿಲ್ಲಬಲ್ಲದು. ಮೂರನೆಯದು ಕೊನೆಯಲ್ಲಿ, ಮರಿ ಪೂರ್ತಿ ತಯಾರಾಗಿ ಸಿಪ್ಪೆಯೊಳಗೆ ಸುರುಳಿ ಸುತ್ತಿಕೊಂಡು ನೀರಿಗೆ ಕಾಯುತ್ತಿರುವಾಗ. ಹೀಗೆ ನಿಂತಾಗ ಮೊಟ್ಟೆಯ ಖರ್ಚು ಎಷ್ಟು ಕಡಿಮೆ ಅಂದರೆ, ವೆನೆಜುವೆಲಾದ ಆಸ್ಟ್ರೊಫಂಡುಲಸ್ ಲಿಮ್ನಿಯಸ್ ಅನ್ನುವ ಕಿಲ್ಲಿಯ ಮೊಟ್ಟೆಗಳು ಎರಡನೇ ನಿಲುಗಡೆಯಲ್ಲಿ ಆಮ್ಲಜನಕವೇ ಇಲ್ಲದೆ ಎರಡು ತಿಂಗಳು ಬದುಕಿದ್ದನ್ನು ನೋಡಿದ್ದಾರೆ. ಇನ್ನೂ ಒಂದು ಸಂಗತಿ: ಫುರ್ಜೆರಿಯ ಮೊಟ್ಟೆ ತಿಂಗಳುಗಟ್ಟಲೆ ನಿಂತಿದ್ದರೂ ಅದರಿಂದ ಬಂದ ಮೀನಿನ ಆಯಸ್ಸು ಕಡಿಮೆಯಾಗುವುದಿಲ್ಲ. ಕಾದ ಕಾಲ ಲೆಕ್ಕಕ್ಕೇ ಬರುವುದಿಲ್ಲ.

ಎಲ್ಲಾ ಮೊಟ್ಟೆಗಳೂ ಎಲ್ಲಾ ಕಡೆ ಒಂದೇ ರೀತಿ ನಿಲ್ಲುವುದಿಲ್ಲ ಅನ್ನುವುದು ಸಾಕುವವರಿಗೆ ತುಂಬಾ ಮುಖ್ಯ. ಒಂದೇ ತಾಯಿ ಒಂದೇ ದಿನ ಇಟ್ಟ ಮೊಟ್ಟೆಗಳಲ್ಲಿ ಕೆಲವು ಬೇಗ ತಯಾರಾಗುತ್ತವೆ, ಕೆಲವು ಎರಡನೇ ನಿಲುಗಡೆಯಲ್ಲೇ ಕೂರುತ್ತವೆ. ಯಾಕೆ ಅಂದರೆ ಕಾಲವಲ್ಲದ ಕಾಲದಲ್ಲಿ ಒಂದು ಮಳೆ ಬಂದು ಹೊಂಡ ಅರ್ಧ ತುಂಬಿ ವಾರದಲ್ಲೇ ಒಣಗಿದರೆ, ಎಲ್ಲಾ ಒಟ್ಟಿಗೆ ಒಡೆದಿದ್ದರೆ ಇಡೀ ಸಂತತಿ ಅಲ್ಲಿಗೇ ಮುಗಿಯುತ್ತಿತ್ತು. ಕೆಲವು ಕಾಯುವುದರಿಂದ ವಂಶ ಉಳಿಯುತ್ತದೆ.

ಎಷ್ಟು ಕಾಯಬೇಕು ಅನ್ನುವುದು ಆ ಮೀನಿನ ಊರಿನ ಮಳೆಗೆ ತಕ್ಕಂತೆ ಇರುತ್ತದೆ. ಜಾಂಜಿಬಾರ್ ದ್ವೀಪದ ನೊಥೊಬ್ರಾಂಕಿಯಸ್ ಗುಂಥೇರಿಯನ್ನು ತಗೊಳ್ಳಿ. ಅಲ್ಲಿ ವರ್ಷಕ್ಕೆ ಎರಡು ಮಳೆಗಾಲ: ಮಾರ್ಚ್‌ನಿಂದ ಮೇವರೆಗೆ ದೊಡ್ಡದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಿಕ್ಕದು. ನಡುವಿನ ಒಣ ಕಾಲ ಅಷ್ಟೇನೂ ಉದ್ದವಲ್ಲ. ಇದರ ಮೊಟ್ಟೆಗೆ ಮನೆಯಲ್ಲಿ ಸುಮಾರು ಮೂರು ತಿಂಗಳು ಸಾಕು. ಮೊಜಾಂಬಿಕ್‌ನ ಬೈರಾ ಸುತ್ತಲಿನ ನೊಥೊಬ್ರಾಂಕಿಯಸ್ ರಾಕೊವಿಗೆ ವರ್ಷಕ್ಕೆ ಒಂದೇ ಮಳೆಗಾಲ, ಅದರ ಮೊಟ್ಟೆಗೆ ಆರು ತಿಂಗಳ ಆಸುಪಾಸು ಬೇಕು. ಅದಕ್ಕೇ ಹೊಸ ಜಾತಿ ತರುವ ಮೊದಲು ಅದರ ಊರಿನ ಮಳೆ ಯಾವಾಗ ಅಂತ ಹುಡುಕಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಆ ಹೊಂಡಗಳ ಮಣ್ಣು ನಮಗೆ ಅಪರಿಚಿತವಲ್ಲ. ನೊಥೊಬ್ರಾಂಕಿಯಸ್ ಸಿಗುವ ಹೊಂಡಗಳ ತಳ ಹೆಚ್ಚಾಗಿ ಕಪ್ಪು ಜೇಡಿಮಣ್ಣು, ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನ ಜಾತಿಯದೇ. ಒದ್ದೆಯಾದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಆದರೂ ಒಂದಿಷ್ಟು ಕೆಳಗೆ ಅಗೆದರೆ ತೇವ ಉಳಿದಿರುತ್ತದೆ. ಮೊಟ್ಟೆ ಪೂರ್ತಿ ಒಣಗದೆ ಉಳಿಯಲು ಆ ತೇವವೇ ಕಾರಣ. ಮನೆಯಲ್ಲಿ ಮಣ್ಣು ಬಳಸಿದರೆ ಮೊಟ್ಟೆ ಹುಡುಕುವುದು ಕಷ್ಟ, ಅದಕ್ಕೇ ಪೀಟ್ ಮಾಸ್ ಅಥವಾ ಕೊಕೊಪೀಟ್.

ಕೊಕೊಪೀಟ್ ನಮ್ಮಲ್ಲಿ ನರ್ಸರಿಯಲ್ಲೇ ಸಿಗುತ್ತದೆ. ಗೊಬ್ಬರ ಬೆರೆಸದೆ ಇರುವುದನ್ನೇ ಕೇಳಿ. ಅದರಲ್ಲಿ ಉಪ್ಪಿನಂಶ ಇರುತ್ತದೆ, ಐದಾರು ಸಲ ತೊಳೆದು, ಇಪ್ಪತ್ತು ನಿಮಿಷ ಕುದಿಸಿ, ತಣಿಸಿ, ಮತ್ತೆ ತೊಳೆಯಿರಿ. ಮುಳುಗುವ ಭಾಗವನ್ನು ಒಂದು ಐಸ್‌ಕ್ರೀಂ ಡಬ್ಬಿಗೆ ಮೂರು ನಾಲ್ಕು ಸೆಂಟಿಮೀಟರ್ ತುಂಬಿ, ಮುಚ್ಚಳದಲ್ಲಿ ಮೀನು ಹೋಗುವಷ್ಟು ತೂತು ಮಾಡಿ ಟ್ಯಾಂಕಿನ ತಳದಲ್ಲಿಡಿ. ಗಂಡು ಅಲ್ಲೇ ಠಿಕಾಣಿ ಹೂಡುತ್ತದೆ. ಹೆಣ್ಣು ಒಳಗೆ ಬಂದರೆ ಗಂಡು ಮೇಲಿನಿಂದ ತನ್ನ ಬೆನ್ನಿನ ರೆಕ್ಕೆಯನ್ನು ಅವಳ ಮೇಲೆ ಮಡಿಚಿ, ಇಬ್ಬರೂ ಪೀಟ್‌ಗೆ ಒತ್ತಿಕೊಂಡು ಒಂದು ಕ್ಷಣ ಗಡಗಡ ನಡುಗುತ್ತವೆ. ಒಂದು ಮೊಟ್ಟೆ ಬೀಳುತ್ತದೆ. ಮತ್ತೆ ಅದೇ, ದಿನವಿಡೀ. ಗಂಡು ಬಿಡುವು ಕೊಡುವುದಿಲ್ಲ, ಆದ್ದರಿಂದ ಒಂದು ಗಂಡಿಗೆ ಎರಡೋ ಮೂರೋ ಹೆಣ್ಣು ಇರಲೇಬೇಕು, ಅಡಗಲು ಗಿಡವೂ ಬೇಕು.

ವಾರ ಹತ್ತು ದಿನಕ್ಕೊಮ್ಮೆ ಡಬ್ಬಿ ತೆಗೆದು ಪೀಟನ್ನು ಬಲೆಗೆ ಸುರಿದು ಮೆಲ್ಲಗೆ ಹಿಂಡಿ, ಪತ್ರಿಕೆಯ ಕಾಗದದ ಮೇಲೆ ಹರಡಿ. ಎಷ್ಟು ಒಣಗಬೇಕು ಅನ್ನುವುದರಲ್ಲೇ ಎಲ್ಲಾ ಇರುವುದು. ಪುಟ್ಟು ಬೇಯಿಸಲು ಅಕ್ಕಿ ಹಿಟ್ಟು ಕಲಸಿದ ಹದ ಗೊತ್ತಲ್ಲ, ಮುಷ್ಟಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು, ಅದೇ ಹದ. ನೀರು ಜಾಸ್ತಿ ಇದ್ದರೆ ಮೊಟ್ಟೆ ಕೊಳೆಯುತ್ತದೆ ಇಲ್ಲವೇ ಮುಂದುವರಿಯುವುದೇ ಇಲ್ಲ, ಪೂರ್ತಿ ಒಣಗಿದರೆ ಕುಗ್ಗಿ ಹೋಗುತ್ತದೆ. ಹದಕ್ಕೆ ಬಂದ ಮೇಲೆ ಜಿಪ್‌ಲಾಕ್ ಕವರ್‌ಗೆ ತುಂಬಿ, ಒಳಗೆ ಸ್ವಲ್ಪ ಗಾಳಿ ಬಿಟ್ಟು, ಹೆಸರು ದಿನಾಂಕ ಬರೆದು, 24 ಡಿಗ್ರಿ ಆಸುಪಾಸು ಇರುವ ಕಪಾಟಿನಲ್ಲಿಡಿ. ಸೆಕೆ ಜಾಸ್ತಿಯಾದರೆ ಮೊಟ್ಟೆ ಬೇಗ ತಯಾರಾಗುತ್ತದೆ, ತಂಪಾದರೆ ನಿಧಾನ. ಪುಸ್ತಕದಲ್ಲಿ ಬರೆದ ಮೂರು ತಿಂಗಳು ಮಂಗಳೂರಿನಲ್ಲಿ ಒಂದು, ಮಡಿಕೇರಿಯಲ್ಲಿ ಇನ್ನೊಂದು.

ಆದ್ದರಿಂದ ಕ್ಯಾಲೆಂಡರ್ ಒಂದನ್ನೇ ನಂಬಬೇಡಿ, ಕಣ್ಣಿಂದ ನೋಡಿ. ಎರಡು ತಿಂಗಳಾದ ಮೇಲೆ ಆಗಾಗ ಒಂದು ಚಿಟಿಕೆ ಪೀಟ್ ಬಿಳಿ ತಟ್ಟೆಗೆ ಹಾಕಿ, ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ಮೊಟ್ಟೆ ಹುಡುಕಿ. ತಿಳಿ ಜೇನಿನ ಬಣ್ಣಕ್ಕೆ ಪಾರದರ್ಶಕವಾಗಿದ್ದರೆ ಇನ್ನೂ ಕಾಲ ಇದೆ. ಒಳಗೆ ಮರಿ ತುಂಬಿಕೊಂಡು, ಎರಡು ದೊಡ್ಡ ಕಣ್ಣು, ಕಣ್ಣಿನ ಸುತ್ತ ಚಿನ್ನದ ಬಣ್ಣದ ಉಂಗುರ ಕಾಣಿಸಿದರೆ ಅದು ತಯಾರು. ಬಹುಪಾಲು ಮೊಟ್ಟೆ ಹೀಗೆ ಕಂಡಾಗ ನೀರಿಗೆ ಹಾಕಿ.

ನೀರಿಗೆ ಹಾಕುವ ದಿನ

ಅಗಲದ ಪ್ಲಾಸ್ಟಿಕ್ ಟಬ್‌ಗೆ ಪೀಟ್ ಸುರಿದು, ಫ್ರಿಜ್ಜಿನ ನೀರು ಬೆರೆಸಿ 16ರಿಂದ 18 ಡಿಗ್ರಿಗೆ ತಂದ ನೀರನ್ನು ನಾಲ್ಕೈದು ಸೆಂಟಿಮೀಟರ್ ಮಾತ್ರ ಹಾಕಿ. ಮಳೆಯ ತಂಪು ನೀರು ಬಿದ್ದ ಸೂಚನೆ ಇದು. ಮೊದಲ ಮರಿಗಳು ಎರಡು ಮೂರು ಗಂಟೆಯಲ್ಲೇ ಬರಬಹುದು, ಉಳಿದವು ರಾತ್ರಿ ಕಳೆಯುವಷ್ಟರಲ್ಲಿ. ನೀರು ತೆಳುವಾಗಿರಬೇಕು ಯಾಕೆಂದರೆ ಹುಟ್ಟಿದ ಮರಿ ಮೇಲೆ ಬಂದು ಗಾಳಿ ಗುಟುಕರಿಸಿ ಈಜುಚೀಲ ತುಂಬಿಕೊಳ್ಳಬೇಕು. ಮೇಲೆ ಬರಲಾಗದ ಮರಿ ಜೀವನಪೂರ್ತಿ ತಳದಲ್ಲಿ ಹೊಟ್ಟೆ ಎಳೆಯುತ್ತಾ ಸಾಗುತ್ತದೆ. ಮೊಟ್ಟೆ ತಯಾರಾಗುವ ಮೊದಲೇ ಎಬ್ಬಿಸಿದರೂ ಹೀಗಾಗುತ್ತದೆ, ತೀರಾ ತಡ ಮಾಡಿ ಮರಿ ಸೊರಗಿದ ಮೇಲೆ ಎಬ್ಬಿಸಿದರೂ ಹೀಗಾಗುತ್ತದೆ. ಅಂಥವನ್ನು ಬೆಳೆಸಬೇಡಿ, ನೋಡಲು ಸಂಕಟ ಆದರೂ.

ಮರಿಗಳನ್ನು ಚಮಚದಲ್ಲಿ ಎತ್ತಿ ಬೇರೆ ಡಬ್ಬಿಗೆ ಹಾಕಿದ ಮೇಲೆ ಆ ಪೀಟನ್ನು ಎಸೆಯಬೇಡಿ! ಮತ್ತೆ ಅದೇ ಹದಕ್ಕೆ ಒಣಗಿಸಿ, ಮೂರು ನಾಲ್ಕು ವಾರ ಬಿಟ್ಟು ಮತ್ತೆ ನೀರಿಗೆ ಹಾಕಿ. ಮೊದಲ ಸಲ ಕಾದು ಕುಳಿತ ಮೊಟ್ಟೆಗಳು ಆಗ ಏಳುತ್ತವೆ. ಕೆಲವು ಸಲ ಮೊದಲಿಗಿಂತ ಎರಡನೇ ಸಲವೇ ಜಾಸ್ತಿ ಮರಿ ಬರುತ್ತವೆ.

ಊಟ ಮೊದಲ ದಿನದಿಂದಲೇ ಬೇಕು, ಅದೂ ಜೀವಂತ ಆಹಾರ. ಆಗತಾನೇ ಮೊಟ್ಟೆಯೊಡೆದ ಆರ್ಟೀಮಿಯಾದಷ್ಟು (ಉಪ್ಪು ನೀರಿನ ಪುಟ್ಟ ಸೀಗಡಿ) ಒಳ್ಳೆಯದು ಇನ್ನೊಂದಿಲ್ಲ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಅಯೋಡಿನ್ ಇಲ್ಲದ ಉಪ್ಪು ಹಾಕಿ, ಅದಕ್ಕೆ ಆರ್ಟೀಮಿಯಾ ಮೊಟ್ಟೆ ಸೇರಿಸಿ, ತಲೆಕೆಳಗು ಮಾಡಿದ ಬಾಟಲಿಯಲ್ಲಿ ಗಾಳಿ ಬಿಟ್ಟರೆ ನಮ್ಮ ಹವೆಯಲ್ಲಿ ಒಂದು ದಿನಕ್ಕೆ ಒಡೆಯುತ್ತದೆ. ಪೀಟನ್ನು ನೀರಿಗೆ ಹಾಕುವ ಹಿಂದಿನ ದಿನವೇ ಇದನ್ನು ಹಾಕಿಡಿ. ಮೈಕ್ರೋವರ್ಮ್ ಅನ್ನುವ ಸಣ್ಣ ಹುಳುವೂ ಜೊತೆಗಿರಲಿ, ಬೇಯಿಸಿದ ಓಟ್ಸ್‌ನ ಮೇಲೆ ಸುಲಭವಾಗಿ ಬೆಳೆಯುತ್ತದೆ. ತೀರಾ ಸಣ್ಣ ಜಾತಿಗಳಿಗೆ, ಪಶ್ಚಿಮ ಆಫ್ರಿಕಾದ ಎಪಿಪ್ಲಾಟಿಸ್ ಆನ್ಯುಲೇಟಸ್‌ನಂಥವಕ್ಕೆ, ಆರ್ಟೀಮಿಯಾ ಬಾಯಿಗೆ ಹಿಡಿಸುವುದಿಲ್ಲ, ಮೊದಲ ವಾರ ಪಾಚಿಗಟ್ಟಿದ ಹಸಿರು ನೀರು, ಇನ್‌ಫ್ಯೂಸೋರಿಯಾ (ನೀರಿನಲ್ಲಿರುವ ಅತಿ ಸಣ್ಣ ಜೀವಿಗಳು) ಬೇಕು. ನೊಥೊಬ್ರಾಂಕಿಯಸ್ ಮರಿಗಳು ದಿನಕ್ಕೆ ಮೂರು ಸಲ ತಿಂದು ಕಣ್ಣೆದುರೇ ಬೆಳೆಯುತ್ತವೆ, ಹಾಗೆಯೇ ನೀರನ್ನೂ ಬೇಗ ಕೆಡಿಸುತ್ತವೆ, ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಾಯಿಸಿ. ಮೂರು ನಾಲ್ಕು ವಾರದಲ್ಲಿ ಗಂಡುಗಳಿಗೆ ಬಣ್ಣ ಬರುತ್ತದೆ, ಆರು ವಾರದ ಹೊತ್ತಿಗೆ ಹೆಣ್ಣುಗಳು ಮೊಟ್ಟೆ ಇಡಲು ಶುರು ಮಾಡುತ್ತವೆ.

ಈ ಕುಲವನ್ನು ಕಾಡುವ ರೋಗ ವೆಲ್ವೆಟ್. ಕತ್ತಲೆಯಲ್ಲಿ ಪಕ್ಕದಿಂದ ಟಾರ್ಚ್ ಬಿಟ್ಟರೆ ಮೈಮೇಲೆ ಚಿನ್ನದ ಹುಡಿ ಉದುರಿಸಿದ ಹಾಗೆ ಕಾಣುತ್ತದೆ, ರೆಕ್ಕೆ ಮುದುಡಿಕೊಂಡಿರುತ್ತದೆ. ಕಂಡ ಮೇಲೆ ಓಡಾಡುವುದಕ್ಕಿಂತ ಮೊದಲೇ ತಡೆಯುವುದು ಲೇಸು. ನೊಥೊಬ್ರಾಂಕಿಯಸ್ ಟ್ಯಾಂಕಿಗೆ ನಾಲ್ಕು ಲೀಟರ್‌ಗೆ ಒಂದು ಟೀ ಚಮಚ ಕಲ್ಲುಪ್ಪು ಹಾಕುವುದು ಸಾಕುವವರ ಹಳೆಯ ರೂಢಿ. ಉಪ್ಪನ್ನು ಇವು ಚೆನ್ನಾಗಿ ಸಹಿಸುತ್ತವೆ.

ಇನ್ನು ಕವರ್ ಮೇಲಿನ ಆ ಊರಿನ ಹೆಸರು. ಗಾರ್ಡ್ನೆರಿಯಲ್ಲೇ ಅಕುರೆ, ಮಕುರ್ಡಿ, ಎನ್‌ಸುಕ್ಕಾ, ಮಿಸಾಜೆ ಅಂತ ಬೇರೆ ಬೇರೆ ಊರಿನ ಮೀನುಗಳಿವೆ, ಬಣ್ಣವೂ ಬೇರೆ. ಒಂದೊಂದು ಹೊಂಡದ ಮೀನು ಸಾವಿರಾರು ವರ್ಷ ಬೇರೆಯಾಗಿಯೇ ಇದ್ದು ಬಂದದ್ದು. ಎರಡು ಊರಿನವನ್ನು ಒಂದೇ ಟ್ಯಾಂಕಿಗೆ ಹಾಕಿ ಬೆರೆಸಿದರೆ ಅದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಹೆಣ್ಣುಗಳಂತೂ ಜಾತಿ ಬೇರೆಯಾದರೂ ಒಂದೇ ಥರ ಕಾಣುತ್ತವೆ, ಒಮ್ಮೆ ಬೆರೆತರೆ ಯಾರದು ಯಾವುದು ಗೊತ್ತಾಗದು. ಆಫ್ರಿಕಾದಲ್ಲೂ ದಕ್ಷಿಣ ಅಮೆರಿಕದಲ್ಲೂ ಇಂಥ ಹೊಂಡಗಳು ರಸ್ತೆಗೆ, ಹೊಲಕ್ಕೆ, ಕಟ್ಟಡಕ್ಕೆ ಹೋಗುತ್ತಲೇ ಇವೆ. ಬೇಸಿಗೆಯಲ್ಲಿ ಒಣ ತಗ್ಗಾಗಿ ಕಾಣುವ ಜಾಗದಲ್ಲಿ ಮೀನಿದೆ ಅಂತ ಯಾರಿಗೂ ಹೊಳೆಯುವುದಿಲ್ಲ ಅಲ್ವಾ.

ನಮ್ಮ ಹಳ್ಳದ ಲಿನಿಯೇಟಸ್‌ಗೂ ಇದೇ ಮಾತು ಅನ್ವಯಿಸುತ್ತದೆ. ಅಭಯಾರಣ್ಯದ ಒಳಗಿಂದ ಹಿಡಿಯಬೇಡಿ. ಬೇರೆ ಕಡೆಯಿಂದ ತಂದರೂ ನಾಲ್ಕೈದು ಮೀನು ಸಾಕು, ಉಳಿದದ್ದನ್ನು ನೀವೇ ಬೆಳೆಸಬಹುದು. ಅಂಗಡಿಯ ಗೋಲ್ಡನ್ ವಂಡರ್ ಆಗಲಿ, ಆಫ್ರಿಕಾದ ಕಿಲ್ಲಿ ಆಗಲಿ ಸಾಕಾಗಿ ಹೋಯಿತು ಅಂತ ಹಳ್ಳಕ್ಕೋ ಕೆರೆಗೋ ಬಿಡಲೇಬೇಡಿ, ಹಳದಿ ತಳಿ ಕಾಡಿನದರ ಜೊತೆ ಕೂಡಿ ಮರಿ ಮಾಡುತ್ತದೆ. ಇನ್ನೊಬ್ಬರಿಗೆ ಕೊಡಿ. ಮೊಟ್ಟೆ ಕೊಡುವುದಾದರೆ ಕವರ್ ಮೇಲೆ ಜಾತಿ, ಊರು, ಪೀಟ್ ತೆಗೆದ ದಿನ ಬರೆಯಿರಿ, ಈಗಾಗಲೇ ಒಮ್ಮೆ ನೀರಿಗೆ ಹಾಕಿದ್ದರೆ ಆ ದಿನವನ್ನೂ ಬರೆಯಿರಿ, ಪಡೆದವರಿಗೆ ಯಾವಾಗ ಎಬ್ಬಿಸಬೇಕು ಅಂತ ತಿಳಿಯಲು ಬೇರೆ ದಾರಿ ಇಲ್ಲ.